ಮೋಟರ್ ಮನೆಯ ಐವತ್ತು ನಿಮಿಷ

ನಮ್ಮೂರಿನ ನೀರಿನ ಟ್ಯಾಂಕು ತುಂಬುವುದಕ್ಕೆ ಐವತ್ತು ನಿಮಿಷ ಬೇಕು. ಇದನ್ನು ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಹೊಸೂರು ಡಿಪೋದಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವನು ನಾನು. ಹೆಸರು ನಾರಾಯಣಪ್ಪ. ಯಾವ ಬಸ್ಸು ಎಷ್ಟು ನಿಮಿಷ ತಡವೆಂದು ಬರೆದೂ ಬರೆದೂ, ರಿಟೈರಾದ ಮೇಲೂ ಊರಿನವರ ತಡವನ್ನೆಲ್ಲ ಗುರುತು ಹಾಕಿಕೊಳ್ಳುವ ಚಟ ಉಳಿದುಬಿಟ್ಟಿದೆ. "ಬಸ್ ಬಿಟ್ರೂ ಸೀಟಿ ಬಿಡ್ಲಿಲ್ಲ ಈವಯ್ಯ" ಎಂದು ನನ್ನ ಹೆಂಡತಿ ಗಂಗರತ್ನಮ್ಮ ಬಂದವರೆದುರು ಹೇಳಿ ನಗುತ್ತಾಳೆ. ನಗಲಿ, ನನಗೇನು.

ಆ ಟ್ಯಾಂಕಿನ ಕೆಲಸ ತಿಮ್ಮರಾಯಪ್ಪನದು. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ನಮ್ಮ ಮನೆಯಿಂದ ನಾಲ್ಕನೇ ಮನೆ. ಪಂಚಾಯಿತಿಯವರು ಅವನನ್ನು ಈ ಕೆಲಸಕ್ಕೆ ಹಾಕಿಕೊಂಡು ಇಪ್ಪತ್ತು ವರ್ಷ ದಾಟಿತು. ಬೆಳಗ್ಗೆ ಐದೂವರೆಗೆ ಮೋಟರ್ ಹಾಕಬೇಕು. ಟ್ಯಾಂಕು ತುಂಬಿದ ಮೇಲೆ ಅಲ್ಲಲ್ಲಿ ಇರುವ ಗುಂಡಿಗಳಿಗೆ ಇಳಿದು ವಾಲ್ವ್ ತಿರುಗಿಸಿ ಒಂದೊಂದೇ ಬೀದಿಗೆ ನೀರು ಬಿಡಬೇಕು. ಇದರ ಜೊತೆಗೆ ಒಂದೂವರೆ ಎಕರೆಯಲ್ಲಿ ಟೊಮೇಟೊ, ಎರಡು ಸೀಮೆಹಸು, ಮದುವೆ ಮನೆಯವರು ಶಾಮಿಯಾನ ಕಟ್ಟಲು ಕರೆದರೆ ಅದೂ. ಸುಮ್ಮನೆ ಕೈಕಟ್ಟಿ ಕೂತ ತಿಮ್ಮನನ್ನು ನಾನಂತೂ ಬೀದಿಯಲ್ಲಿ ನೋಡಿಲ್ಲ. ಆದರೆ ಊರವರು ಅವನನ್ನು ಗುರುತಿಸುವುದು ಬೇರೆ ಕಾರಣಕ್ಕೆ. ನಮ್ಮ ಬೀದಿಯಲ್ಲಿ ಕ್ರೈಸ್ತನಾದವನು ಅವನೊಬ್ಬನೇ.

ಅದು ಆದದ್ದು ಹೀಗೆ. ಹದಿನಾಲ್ಕು ವರ್ಷದ ಹಿಂದೆ, ರಾಗಿ ತೆನೆ ಬಲಿಯುವ ಕಾಲಕ್ಕೆ, ಸಾನಮಾವು ಕಾಡಿನಿಂದ ಆನೆಗಳು ನಮ್ಮ ಕಡೆಗೆ ಇಳಿದಿದ್ದವು. ಒಂದು ಬೆಳಗ್ಗೆ ತಿಮ್ಮ ಕೆಳಬೀದಿಯ ಗುಂಡಿಯಲ್ಲಿ ಇಳಿದು ವಾಲ್ವ್ ತಿರುಗಿಸುತ್ತಿದ್ದಾನೆ, ತಲೆ ಎತ್ತಿದರೆ ಎದುರಿಗೆ ಒಂಟಿ ಗಂಡಾನೆ. ಓಡಲು ದಾರಿಯಿಲ್ಲ, ಗುಂಡಿಯೊಳಗೇ ಮುದುರಿ ಕೂತ. ಆನೆ ಬಂದು, ಸೋರುತ್ತಿದ್ದ ಪೈಪಿನ ನೀರನ್ನು ಆರಾಮವಾಗಿ ಕುಡಿಯುತ್ತ ನಿಂತಿತು. ಸೊಂಡಿಲು ಅವನ ತಲೆಯ ಟವಲನ್ನು ಎರಡು ಸಲ ಮುಟ್ಟಿತಂತೆ. ತಿಮ್ಮ ಮನೆದೇವರಿಂದ ಹಿಡಿದು ಗೊತ್ತಿದ್ದ ದೇವರನ್ನೆಲ್ಲ ಕರೆದ. ಕರೆಯಲು ಹೆಸರುಗಳೇ ಮುಗಿದವು, ಆನೆ ಹೋಗಲಿಲ್ಲ. ಆಗ ಹಿಂದಿನ ವಾರ ನಲ್ಲಿ ರಿಪೇರಿಗೆ ಹೋಗಿದ್ದಾಗ ಚರ್ಚಿನ ಪಾಸ್ಟರ್ ಮನೆಯ ಗೋಡೆಯಲ್ಲಿ ನೋಡಿದ್ದ ಕ್ಯಾಲೆಂಡರ್ ನೆನಪಾಗಿ, "ಯೇಸಪ್ಪಾ, ನಿನ್ ಪರಿಚಯ ಇಲ್ಲ, ಆದ್ರೂ ನೋಡಪ್ಪ" ಎಂದನಂತೆ. ಆನೆ ತಿರುಗಿಕೊಂಡು ಹೋಯಿತು.

"ಮೊದ್ಲು ಕರ್ದ ದೇವ್ರುಗಳು ಹೊರಟು ದಾರೀಲಿ ಇದ್ವೇನೋ ಕಣ್ಲಾ. ಕೊನೆಗೆ ಕರ್ದೋನಿಗೆ ಹೆಸ್ರು ಕೊಟ್ಬುಟ್ಟೆ" ಎಂದು ನಾನು ಎಷ್ಟೋ ಸಲ ಚುಡಾಯಿಸಿದ್ದೇನೆ.

ತಿಮ್ಮ ಸಿಟ್ಟಾಗುವುದಿಲ್ಲ. "ಇರ್ಬೋದಣ್ಣ. ಆದ್ರೆ ಗುಂಡಿ ಒಳ್ಗೆ ನನ್ ಪಕ್ಕ ಬಂದ್ ಕೂತಂಗಾಗಿದ್ದು ಅವ್ನೊಬ್ನೇ" ಎನ್ನುತ್ತಾನೆ.

ಆಗ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಹೆಂಡತಿ ಮುನಿರತ್ನಮ್ಮ ಮುನಿಸಿಕೊಂಡು ಬೇರಿಕೆ ಊರಿನ ತವರಿಗೆ ಹೋಗಿ ಒಂದು ತಿಂಗಳು ಕೂತಳು. ಆಮೇಲೆ ತಾನಾಗಿಯೇ ಬಂದಳು, ಎರಡು ವರ್ಷ ಕಳೆದ ಮೇಲೆ ತಾನೂ ಅವನ ಜೊತೆ ಚರ್ಚಿಗೆ ಹೋಗತೊಡಗಿದಳು. ಪಾಸ್ಟರು ಅವನ ಹೆಸರು ಬದಲಾಯಿಸೋಣವೆಂದರಂತೆ. "ರೇಷನ್ ಕಾರ್ಡು, ಆಧಾರು, ಎಲ್ಲಾ ಕಡೇನೂ ತಿಮ್ಮರಾಯಪ್ಪ ಅಂತೈತೆ. ಒಂದಕ್ಷರ ತಿದ್ಸೋಕೆ ಕೃಷ್ಣಗಿರಿ ಆಫೀಸಿಗೆ ಮೂರ್ ಸಲ ಅಲೀಬೇಕು. ನಾನ್ ಯಾರು ಅಂತ ದೇವ್ರಿಗೆ ಗೊತ್ತಲ್ವಾ ಐಯಾ?" ಎಂದನಂತೆ ಇವನು. ಹಾಗಾಗಿ ತಿಮ್ಮ ತಿಮ್ಮನಾಗಿಯೇ ಉಳಿದ.

ನನಗೆ ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ. ವರ್ಷಕ್ಕೊಮ್ಮೆ ಮನೆದೇವರಿಗೆ ಹೋಗಿ ಕೈಮುಗಿಯುತ್ತೇನೆ, ಅದೂ ಗಂಗರತ್ನಮ್ಮನ ಕಾಟಕ್ಕೆ. ಆದ್ದರಿಂದ ತಿಮ್ಮ ಯಾವ ದೇವರನ್ನು ನಂಬಿದರೂ ನನ್ನ ನಲ್ಲಿಗೆ ನೀರು ಬಂದರೆ ಸಾಕಿತ್ತು. ಒಂದು ದಿನ ಅದೇ ಬರಲಿಲ್ಲ. ನಮ್ಮ ಮನೆ ಊರಿನ ಕೊನೆಯ ವಾಲ್ವಿಗೆ ಸೇರಿದ್ದು. ಮರುದಿನ ಬೆಳಗ್ಗೆಯೇ ಬೈದು ಬರೋಣವೆಂದು ಮೋಟರ್ ಮನೆಗೆ ಹೋದೆ. ಅದು ಟ್ಯಾಂಕಿನ ಬುಡದಲ್ಲಿರುವ, ಹೆಂಚು ಹೊದಿಸಿದ ಸಣ್ಣ ಕೋಣೆ. ಒಳಗೆ ಹಳೆಯ ಮೋಟರು ಕಿವಿ ಕಿತ್ತುಹೋಗುವಂತೆ ಅರಚುತ್ತಿತ್ತು. ಬಾಗಿಲು ಮುಚ್ಚಿತ್ತು. ಕಿಟಕಿಯಲ್ಲಿ ಇಣುಕಿದೆ.

ತಿಮ್ಮ ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದ. ತಲೆಯ ಮೇಲೆ ಟವಲು, ತೊಡೆಯ ಮೇಲೆ ಕಪ್ಪು ರಟ್ಟಿನ ಪುಸ್ತಕ. ಎದುರಿಗೆ ಯಾರೋ ಕೂತಿರುವ ಹಾಗೆ ಕೈ ಆಡಿಸುತ್ತ, ಮೋಟರಿನ ಸದ್ದನ್ನೂ ಮೀರಿಸಿ ಕೂಗಿ ಕೂಗಿ ಮಾತಾಡುತ್ತಿದ್ದ. ನಮ್ಮದು ತಮಿಳುನಾಡಿಗೆ ಸೇರಿದ ಗಡಿ ಊರು, ಅವರ ಚರ್ಚಿನಲ್ಲಿ ಹಾಡು, ಪ್ರಾರ್ಥನೆ ಎಲ್ಲ ತಮಿಳು. ಇಲ್ಲಿ ಮಾತ್ರ ಪಕ್ಕಾ ನಮ್ಮೂರ ಮಾತು. "ಬಚ್ಚಪ್ಪನ್ ಮಗ್ಳಿಗೆ ಗಂಡು ಸಿಕ್ತಿಲ್ಲಪ್ಪ, ನೀನೇ ಒಂದ್ ನೋಡು. ಚನ್ನಕೇಶವ ಬೀಗ್ರ ಮನೇಲಿ ಜಗಳ ಮಾಡ್ಕೊಂಡ್ ಬಂದವ್ನೆ, ಅವ್ನ್ ಬಾಯಿಗೊಂದ್ ಬೀಗ ಹಾಕು." ವಾಲ್ವ್ ತಿರುಗಿಸುವ ಸಾಲಿನಲ್ಲೇ ಮನೆ ಮನೆಯನ್ನೂ ಹೆಸರಿಸುತ್ತ ಹೋಗುತ್ತಿದ್ದ. ನಾನು ನಿಂತೇ ಇದ್ದೆ. ಕಟ್ಟಕಡೆಗೆ ನನ್ನ ಸರದಿ ಬಂತು. "ನಾರಾಯಣಣ್ಣಂಗೆ ಮಂಡಿ ನೋವು. ಬಾಯಿ ಜೋರು, ಮನ್ಸು ಒಳ್ಳೇದು. ನೋಡ್ಕೊ."

ಬೈಯಲು ಹೋದವನು ಹಾಗೇ ವಾಪಸು ಬಂದೆ. "ಬೈದ್ರಾ?" ಎಂದು ಗಂಗರತ್ನಮ್ಮ ಕೇಳಿದಳು. ಮೋಟರ್ ಸದ್ದಿಗೆ ಅವನಿಗೆ ಕೇಳಿಸಲಿಲ್ಲ ಎಂದೆ. ನಾನು ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ನನ್ನ ಸ್ವಂತ ಅಣ್ಣ ತಮ್ಮಂದಿರೂ ನನ್ನ ಮಂಡಿಯನ್ನು ಹಾಗೆ ನೆನೆದಿರಲಿಕ್ಕಿಲ್ಲ.

ಆ ಸದ್ದಿನಲ್ಲಿ ಜೇಬಿನ ಫೋನು ಹೊಡೆದುಕೊಂಡರೂ ಕೇಳಿಸುತ್ತಿರಲಿಲ್ಲ. ಐದೂವರೆಯಿಂದ ಆರು ಇಪ್ಪತ್ತರವರೆಗೆ ತಿಮ್ಮ ಯಾರಿಗೂ ಸಿಗುವುದಿಲ್ಲವೆಂದು ಊರಿಗೂ ಗೊತ್ತಿತ್ತು, ಚರ್ಚಿಗೂ ಗೊತ್ತಿತ್ತು. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಕಳೆದ ವರ್ಷ ಎಲ್ಲ ಬದಲಾಯಿತು. ಹಳೇ ಮೋಟರು ಕಿತ್ತುಹಾಕಿ ಕೊಳವೆ ಬಾವಿಯೊಳಗೇ ಹೊಸ ಮೋಟರು ಇಳಿಸಿದರು. ಅದು ಓಡುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಶ್ಶಬ್ದ. ಅದಕ್ಕೆ ಫೋನಿನಿಂದಲೇ ಹಾಕುವ ಸ್ಟಾರ್ಟರು. ಫೋನ್ ಮಾಡಿ ಒಂದು ಒತ್ತಿದರೆ ಮೋಟರು ಓಡುತ್ತದೆ, ಎರಡು ಒತ್ತಿದರೆ ನಿಲ್ಲುತ್ತದೆ. ತಿಮ್ಮನ ನಂಬರನ್ನು ಬಿಟ್ಟು ಬೇರೆ ಯಾರ ನಂಬರಿಗೂ ಅದು ಬಗ್ಗುವುದಿಲ್ಲ. ಪಂಚಾಯಿತಿಯವರು ತೆಂಗಿನಕಾಯಿ ಒಡೆದು, "ಇನ್ಮೇಲೆ ತಿಮ್ಮಣ್ಣ ಮನಿಕ್ಕಂಡಿರೋ ತಾವಿಂದ್ಲೇ ನೀರ್ ತುಂಬಿಸ್ಬೋದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ತಿಮ್ಮನಿಗೆ ಪುರುಸೊತ್ತು ಸಿಕ್ಕಿದೆ ಎನ್ನುವ ಸುದ್ದಿ ಅವನಿಗಿಂತ ಮೊದಲು ಊರಿಗೇ ತಿಳಿಯಿತು. ಸರಿಯಾಗಿ ಅದೇ ಸಮಯಕ್ಕೆ ಅವರ ಚರ್ಚಿನ ಹೊಸ ಕಟ್ಟಡ ಶುರುವಾಯಿತು. ಮೋಹನ್ ಪಾಸ್ಟರು ಕೃಷ್ಣಗಿರಿ ಕಡೆಯವರು, ನಲವತ್ತರ ಆಸುಪಾಸು, ಒಳ್ಳೆಯ ಮನುಷ್ಯ. ಆದರೆ ಗೇಯುವ ಎತ್ತಿಗೇ ಏಟು ಹೆಚ್ಚು ಅಂತಾರಲ್ಲ, ಹಾಗಾಯಿತು. ಗಾರೆಯವರಿಗೆ ಐದೂವರೆಗೇ ನೀರು ಬೇಕು, ತಿಮ್ಮ. ಸಿಮೆಂಟು ಇಳಿಸಬೇಕು, ತಿಮ್ಮ. ಬುಧವಾರ ಯಾರದಾದರೂ ಮನೆಯಲ್ಲಿ ನಡೆಯುವ ಪ್ರಾರ್ಥನೆ ಕೂಟಕ್ಕೆ, ಶುಕ್ರವಾರ ಉಪವಾಸದ ಕೂಟಕ್ಕೆ ಕುರ್ಚಿ ಹಾಕಬೇಕು, ಭಾನುವಾರ ವ್ಯಾನಿನಲ್ಲಿ ಜನರನ್ನು ಕರೆತರಬೇಕು, ಎಲ್ಲಕ್ಕೂ ತಿಮ್ಮನೇ.

ಮನೆಯಲ್ಲಿ ಪ್ರಾರ್ಥನೆಗೆ ಕೂರೋಣವೆಂದರೆ ಮಗಳು ಸುಷ್ಮಾಗೆ ಐದೂಮುಕ್ಕಾಲಿಗೆ ಕಂಪನಿ ಬಸ್ಸು. ಮಿಕ್ಸಿ ಸದ್ದು, ಟಿಫನ್ ಡಬ್ಬಿ ಹುಡುಕಾಟ, ಹಾಲು ಕರೆಯದೆ ಕೂಗುವ ಹಸು. ಮೋಟರ್ ಮನೆಗೇ ಹೋಗಿ ಕೂತರೆ ಫೋನು. ಆ ಫೋನನ್ನು ಆರಿಸುವ ಹಾಗೂ ಇಲ್ಲ, ಊರಿನ ನೀರೇ ಅದರೊಳಗಿದೆ. ನಾಳೆಯಿಂದ ಕೂರುತ್ತೇನೆ ಎಂದುಕೊಂಡನಂತೆ. ಆ ನಾಳೆ ಬರದೆ ಎಂಟು ತಿಂಗಳಾಯಿತು. ಇದನ್ನೆಲ್ಲ ಅವನು ನನಗೆ ಹೇಳಿದ್ದು ಆಮೇಲೆ.

ಆದರೆ ಅವನ ಮುಖ ನನಗೆ ಆಗಲೇ ಹೇಳುತ್ತಿತ್ತು. ವಾಲ್ವ್ ತಿರುಗಿಸುವ ಸಾಲು ತಪ್ಪಿತು. ಒಂದು ಬೀದಿಗೆ ಎರಡು ಸಲ ನೀರು, ಇನ್ನೊಂದಕ್ಕೆ ಇಲ್ಲ. ಕೊಡ ಹಿಡಿದು ಬಂದ ಮುದುಕಿಯ ಮೇಲೆ ರೇಗಿದ. ಹದಿನಾಲ್ಕು ವರ್ಷದಲ್ಲಿ ಅವನು ಯಾರ ಮೇಲೂ ರೇಗಿದ್ದಿಲ್ಲ. ಇನ್ನೊಂದು ಕಡೆ ಚರ್ಚಿನ ಮೈಕಿನಲ್ಲಿ ಅವನ ಪ್ರಾರ್ಥನೆ ನಮ್ಮ ಜಗಲಿಯವರೆಗೆ ಕೇಳತೊಡಗಿತು, ಮೊದಲಿಗಿಂತ ಜೋರು, ಮೊದಲಿಗಿಂತ ಉದ್ದ. ಖಾಲಿ ಬಸ್ಸಿನ ಗಡಗಡವೇ ಹೆಚ್ಚು ಎಂದು ನನಗೆ ಗೊತ್ತು. ಆದರೆ ನನಗೇಕೆ ಊರ ಉಸಾಬರಿ ಎಂದು ಸುಮ್ಮನಿದ್ದೆ.

ಅಷ್ಟರಲ್ಲಿ ನನ್ನ ಮನೆಗೇ ಬಂತು ಕಷ್ಟ. ಕೃಷ್ಣಗಿರಿ ರಸ್ತೆಯ ತುಂಬ ಮಾವಿನಕಾಯಿ ಲಾರಿಗಳು ನಿಲ್ಲುವ ತಿಂಗಳು. ಗಂಗರತ್ನಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರು. ಹೊಸೂರಿನಲ್ಲಿ ಆಪರೇಷನ್ ಆಯಿತು. ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದೇವೆ, ಕೆಟ್ಟದ್ದೋ ಅಲ್ಲವೋ ಎಂದು ತಿಳಿಯಲು ಒಂಬತ್ತು ದಿನ ಬೇಕು ಎಂದರು. ಅವಳು ಧೈರ್ಯವಾಗಿದ್ದಳು. ನಾನು ಮಾತ್ರ ಎರಡು ದಿನ ಕಣ್ಣು ಮುಚ್ಚಲಿಲ್ಲ. ನಲವತ್ತು ವರ್ಷ ನನ್ನ ಬಾಯಿಯನ್ನು ಸಹಿಸಿಕೊಂಡವಳು ಅವಳೊಬ್ಬಳೇ.

ಮೂರನೇ ದಿನ ಊರಿಗೆ ಬಂದು ನೆಟ್ಟಗೆ ಚರ್ಚ್ ಕಟ್ಟುತ್ತಿದ್ದ ಜಾಗಕ್ಕೆ ಹೋದೆ. ತಿಮ್ಮ ಮರಳು ಜರಡಿ ಹಿಡಿಯುತ್ತಿದ್ದ. ಒಂದು ಕೈಯಲ್ಲಿ ಸಲಿಕೆ, ಇನ್ನೊಂದು ಕೈಯಲ್ಲಿ ಫೋನು.

"ತಿಮ್ಮಾ, ನಿನ್ ದೇವ್ರಿಗೆ ಒಂದ್ ಮಾತ್ ಹೇಳು ಕಣ್ಲಾ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನಾನ್ ಕೇಳ್ದೆ ಅಂತ ಹೇಳ್ಬ್ಯಾಡ. ಗಂಗರತ್ನಂಗೆ ಅಂತ ಹೇಳು."

ತಿಮ್ಮ ಸಲಿಕೆ ಬಿಟ್ಟು ನನ್ನ ಭುಜ ಹಿಡಿದುಕೊಂಡ. "ದಿನಾ ಹೇಳ್ತೀನಣ್ಣ. ನೀನ್ ಹೋಗ್ ಮನಿಕ್ಕೊ."

ಹೋಗಿ ಮಲಗಿದೆ. ನಿದ್ದೆ ಬಂತು. ಆ ಮೇಲಿನ ದಿನಗಳಲ್ಲೆಲ್ಲ ಬೆಳಗ್ಗೆ ಐದೂವರೆಗೆ ತಾನಾಗಿ ಎಚ್ಚರವಾಗುತ್ತಿತ್ತು. ಈಗ ತಿಮ್ಮ ಬಕೆಟ್ಟಿನ ಮೇಲೆ ಕೂತಿದ್ದಾನೆ, ಈಗ ಅವಳ ಹೆಸರು ಹೇಳುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ಮಗ್ಗಲು ಬದಲಿಸಿ ಮತ್ತೆ ಮಲಗುತ್ತಿದ್ದೆ. ನಂಬದವನು ಹೀಗೆ ಮಾಡಬಹುದೇ, ನೀವೇ ಹೇಳಿ.

ಒಂಬತ್ತನೇ ದಿನ ರಿಪೋರ್ಟು ಬಂತು. ಏನೂ ಭಯವಿಲ್ಲ ಎಂದರು ಡಾಕ್ಟರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತೆ. ಹೊಸೂರಿನಿಂದಲೇ ಒಂದು ಚಿಪ್ಪು ಬಾಳೆಹಣ್ಣು, ಅರ್ಧ ಕೇಜಿ ಮೈಸೂರುಪಾಕು ತಂದು ತಿಮ್ಮನ ಕೈಗಿಟ್ಟೆ. "ನಿನ್ ದೇವ್ರು ದೊಡ್ಡೋನು ಕಣ್ಲಾ" ಎಂದೆ. ತಿಮ್ಮ ನೆಲ ನೋಡುತ್ತ ನಿಂತ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ಮುನಿರತ್ನಮ್ಮ ಪೊಟ್ಟಣ ಒಳಗೆ ತೆಗೆದುಕೊಂಡು ಹೋದಳು.

ಗಂಗರತ್ನಮ್ಮ ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಈ ಕಥೆಯನ್ನು ಹೇಳಿದಳು. ಅದು ಪಾಸ್ಟರ್ ಕಿವಿಗೂ ಬಿತ್ತು. ಅವರೇ ನಮ್ಮ ಮನೆಗೆ ಬಂದು, ಭಾನುವಾರ ಚರ್ಚಿಗೆ ಬರಬೇಕೆಂದರು. ತಿಮ್ಮರಾಯಪ್ಪ ಸಾಕ್ಷಿ ಹೇಳುತ್ತಾನೆ ಎಂದರು. ಸಾಕ್ಷಿ ಎನ್ನುವುದು ಅವರಲ್ಲಿ ಒಂದು ಪದ್ಧತಿ. ದೇವರು ಮಾಡಿದ ಒಳ್ಳೆಯದನ್ನು ಎಲ್ಲರ ಮುಂದೆ ಎದ್ದು ನಿಂತು ಹೇಳುವುದು. ಗಂಗರತ್ನಮ್ಮ ಅಂದು ಮಗನ ಮದುವೆಯ ರೇಷ್ಮೆ ಸೀರೆ ಉಟ್ಟಳು. ನಾನು ಇಸ್ತ್ರಿ ಅಂಗಿ ಹಾಕಿದೆ.

ಚರ್ಚಿನ ಅರ್ಧಕ್ಕೆ ಮಾತ್ರ ಚಾವಣಿ ಇತ್ತು. ನಮ್ಮನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಹಿಂದೆ ಎಪ್ಪತ್ತು ಜನ ಇದ್ದರು. ಪಾಸ್ಟರು ತಮಿಳಿನಲ್ಲಿ ನಮ್ಮಿಬ್ಬರ ಬಗ್ಗೆ ಹೇಳಿ, ತಿಮ್ಮನ ಪ್ರಾರ್ಥನೆಯ ಬಗ್ಗೆ ಹೇಳಿ, ಅವನನ್ನು ಕರೆದು ಮೈಕ್ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ತಿಮ್ಮ ಮೈಕ್ ಹಿಡಿದುಕೊಂಡು ನಮ್ಮ ಕಡೆ ತಿರುಗಿದ. ಆಮೇಲೆ ತಮಿಳು ಬಿಟ್ಟು ನಮ್ಮ ಮಾತಿನಲ್ಲೇ ಶುರು ಮಾಡಿದ.

"ಗಂಗಕ್ಕಂಗೆ ವಾಸಿ ಆಗೈತೆ. ಅದು ದೇವ್ರು ಮಾಡಿದ್ದು, ಡಾಕ್ಟ್ರು ಮಾಡಿದ್ದು. ನಾನ್ ಮಾಡಿದ್ದೇನೂ ಇಲ್ಲ. ನಾನು ಪ್ರಾರ್ಥ್ನೆ ಮಾಡ್ಲಿಲ್ಲ."

ಪಾಸ್ಟರ್ ಮುಖದ ನಗು ಹಾಗೇ ಉಳಿಯಿತು.

"ಒಂದ್ ದಿನಾನೂ ಮಾಡ್ಲಿಲ್ಲ. ದಿನಾ ಹೇಳ್ತೀನಿ ಅಂತ ಅಣ್ಣಂಗೆ ಮಾತ್ ಕೊಟ್ಟೆ, ಅಲ್ಲೇ ಮರ್ತ್ ಹೋಗ್ಬುಟ್ಟೆ. ಹಣ್ ತಂದ್ ಕೊಟ್ಟಾಗ್ಲೇ ಜ್ಞಾಪ್ಕ ಬಂದಿದ್ದು. ಆಗ್ಲೂ ಬಾಯ್ ಬಿಡ್ಲಿಲ್ಲ, ಹಣ್ ತಿಂದೆ. ಎಂಟ್ ತಿಂಗ್ಳಾಯ್ತು ನಾನು ದೇವ್ರ ಹತ್ರ ಕೂತು. ದೇವ್ರ ಮನೆಗೆ ಇಟ್ಟಿಗೆ ಹೊತ್ತೆ, ಕುರ್ಚಿ ಹಾಕ್ದೆ, ಮೈಕಲ್ಲಿ ಕೂಗ್ದೆ. ಅವ್ನ್ ಜೊತೆ ಮಾತಾಡ್ಲಿಲ್ಲ."

ಮೈಕನ್ನು ಕುರ್ಚಿಯ ಮೇಲಿಟ್ಟು ಹೊರಗೆ ಹೋದ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದವನೇ ಅವನ ಹಿಂದೆ ಹೋಗಿ ಮರಳಿನ ಗುಡ್ಡೆಯ ಹತ್ತಿರ ಹಿಡಿದುಕೊಂಡೆ.

"ನಿನ್ ದೇವ್ರನ್ನ ನಾನ್ ನಂಬಿಲ್ಲ ಕಣ್ಲಾ! ನಿನ್ನ ನಂಬಿದ್ದೆ. ನಿನ್ ಮಾತ್ ನಂಬಿ ಅಷ್ಟ್ ದಿನ ಮನಿಕ್ಕಂಡೆ. ಆಗಲ್ಲ ಹೋಗಣ್ಣ ಅಂದಿದ್ರೆ ನಾನೇ ಎಚ್ರ ಇರ್ತಿದ್ನಲ್ಲ, ಅವ್ಳಿಗೋಸ್ಕರ!"

"ಹೌದಣ್ಣ" ಎಂದ. ಅಷ್ಟೇ. ಒಂದು ನೆಪವನ್ನೂ ಹೇಳಲಿಲ್ಲ.

ಮನೆಗೆ ಬಂದ ಮೇಲೂ ನನ್ನ ಕೂಗಾಟ ನಿಲ್ಲಲಿಲ್ಲ. ಸಂಜೆಯವರೆಗೆ ಕೇಳಿಸಿಕೊಂಡಿದ್ದು ಗಂಗರತ್ನಮ್ಮ ಹೇಳಿದಳು, "ಅವ್ನು ಸುಮ್ನಿದ್ದಿದ್ರೆ ಯಾರ್ಗ್ ಗೊತ್ತಾಗ್ತಿತ್ತು? ಎಪ್ಪತ್ ಜನ ಚಪ್ಪಾಳೆ ತಟ್ತಾ ಇದ್ರು. ನೀವಾಗಿದ್ರೆ ಏನ್ ಮಾಡ್ತಿದ್ರಿ?"

ನಾನಾಗಿದ್ದರೆ ಹಾರ ಹಾಕಿಸಿಕೊಂಡು, ಉಳಿದ ಮೈಸೂರುಪಾಕನ್ನೂ ತಿಂದು ಬರುತ್ತಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ, ಅವಳಿಗೆ ಗೊತ್ತೇ ಇತ್ತು.

ಮರುದಿನ ಬೆಳಗ್ಗೆ ಐದೂವರೆಗೆ ಎಚ್ಚರವಾಯಿತು. ಇನ್ನೆರಡು ಮಾತು ಬೈಯುವುದು ಬಾಕಿ ಇದೆ ಎಂದುಕೊಂಡೇ ಮೋಟರ್ ಮನೆಯ ಕಡೆ ಹೋದೆ. ಬಾಗಿಲು ತೆರೆದಿತ್ತು. ತಿಮ್ಮ ಒಳಗೆ ಬಕೆಟ್ಟಿನ ಮೇಲೆ ಕೂತಿದ್ದ. ಟವಲು ತಲೆಗೆ ಹಾಕಿಕೊಂಡ, ಕಣ್ಣು ಮುಚ್ಚಿದ. ಫೋನು ಬಂತು. ಡೇರಿಯವರು. ಮತ್ತೆ ಕಣ್ಣು ಮುಚ್ಚಿದ. ಗಾರೆ ಮೇಸ್ತ್ರಿ. ಮತ್ತೆ. ಮೇಲುಬೀದಿಯಿಂದ, ಮೋಟರ್ ಹಾಕಿದೆಯೇನಪ್ಪ ಎಂದು ಕೇಳಲು. ಮತ್ತೆ. ಮುನಿರತ್ನಮ್ಮ, ಹಸುವಿನ ಹಗ್ಗ ಎಲ್ಲಿ ಎಂದು. ಇಪ್ಪತ್ತು ನಿಮಿಷದಲ್ಲಿ ಏಳು ಫೋನು. ಏಳನೆಯದನ್ನು ಮುಗಿಸಿ, ಆ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಐವತ್ತು ದಾಟಿದ ಆ ಗಂಡಸು ಬಿಕ್ಕಿ ಬಿಕ್ಕಿ ಅತ್ತ.

ನನ್ನ ಸಿಟ್ಟು ಎಲ್ಲಿ ಹೋಯಿತೋ. ನೆಟ್ಟಗೆ ಒಳಗೆ ಹೋದೆ.

"ಕೊಡ್ಲಾ ಇಲ್ಲಿ."

"ಏನಣ್ಣ?"

"ಫೋನು. ಮೋಟರ್ ಹೆಂಗ್ ಹಾಕೋದು, ಹೆಂಗ್ ನಿಲ್ಸೋದು ತೋರ್ಸು."

"ಯಾಕಣ್ಣ ನಿಂಗೆ ಈ ಕಷ್ಟ? ದಿನಾ ಬೆಳಗಾದ್ರೆ..."

"ಮೂವತ್ತೊಂದ್ ವರ್ಷ ಫುಟ್‌ಬೋರ್ಡಲ್ಲಿ ನೇತಾಡೋರ್ನ ತಡ್ದಿದೀನಿ. ಫೋನ್ ಮಾಡೋರ್ನ ತಡೀಲಾರ್ನಾ? ಬಾಗ್ಲಾಕ್ಕೊ. ಆರಿಪ್ಪತ್ತಕ್ಕೆ ಬಂದ್ ಬಡೀತೀನಿ, ಅಲ್ಲೀಗಂಟ ಆಚೆ ಬಂದೀಯ ಜೋಕೆ."

ಅಂದಿನಿಂದ ದಿನಾ ಐದು ಇಪ್ಪತ್ತೈದಕ್ಕೆ ಆ ಫೋನು ನಮ್ಮ ಜಗಲಿಗೆ ಬರುತ್ತದೆ. ನಾನೇ ಒಂದು ಒತ್ತಿ ಮೋಟರ್ ಹಾಕುತ್ತೇನೆ. ಬಂದ ಫೋನಿಗೆಲ್ಲ ಉತ್ತರ ಕೊಡುತ್ತೇನೆ. ಯಾರದಾದರೂ ಪ್ರಾಣಕ್ಕೆ ಕುತ್ತು ಬಂದಿದ್ದರೆ ಮಾತ್ರ ಬಾಗಿಲು ಬಡಿಯುವುದೆಂದು ನಾವು ಮಾತಾಡಿಕೊಂಡಿದ್ದೇವೆ. ಎರಡು ತಿಂಗಳಾಯಿತು, ಒಂದು ದಿನವೂ ಬಡಿಯಬೇಕಾಗಿ ಬಂದಿಲ್ಲ. ಅರ್ಜೆಂಟು ಅರ್ಜೆಂಟು ಎಂದು ಅರಚಿದವರೆಲ್ಲ ಆರು ಇಪ್ಪತ್ತಕ್ಕೆ ತಿಮ್ಮ ತಿರುಗಿ ಫೋನ್ ಮಾಡಿದರೆ, "ಏ, ಏನಿಲ್ಲ ಬಿಡಿ" ಎನ್ನುತ್ತಾರೆ. ಮೊದಮೊದಲು ಊರಿನಲ್ಲಿ ನಕ್ಕರು, ನಾರಾಯಣಪ್ಪ ಬೇರೆ ಧರ್ಮದ ದೇವರಿಗೆ ಪೂಜಾರಿಯಾದ ಎಂದರು. ನನ್ನ ಬಾಯಿಗೆ ಹೆದರಿ ಈಗ ಸುಮ್ಮನಾಗಿದ್ದಾರೆ.

ಮೊದಲ ವಾರ ತಿಮ್ಮ ಪೆಚ್ಚುಮೋರೆ ಹಾಕಿಕೊಂಡೇ ಹೊರಗೆ ಬರುತ್ತಿದ್ದ. "ಕೂತ್ರೂ ಮಾತ್ ಬತ್ತಿಲ್ಲಣ್ಣ. ಎಂಟ್ ತಿಂಗ್ಳು ಮಾತ್ ಬಿಟ್ಟೋನ್ ತಾವ ಏನಂತ ಶುರು ಮಾಡೋದು?"

"ಮಾತಾಡ್ಬ್ಯಾಡ, ಸುಮ್ನೆ ಕೂತ್ಕೊ" ಎಂದೆ. "ಗಂಡ ಹೆಂಡ್ತಿ ಜಗಳ ಆಡಿದ್ ಮೇಲೆ ಮೊದ್ಲು ಮಾತಾಡ್ತಾರಾ? ಒಬ್ರು ಕಾಫಿ ತಂದ್ ಇಡ್ತಾರೆ, ಇನ್ನೊಬ್ರು ಕುಡೀತಾರೆ."

ಇದು ಅವರ ಧರ್ಮದಲ್ಲಿ ಸರಿಯೋ ತಪ್ಪೋ ನನಗೆ ತಿಳಿಯದು. ಹತ್ತು ಹನ್ನೆರಡು ದಿನ ಕಳೆದ ಮೇಲೆ ನಾನು ಆ ಕಡೆ ಹೋದಾಗ ಮುಚ್ಚಿದ ಬಾಗಿಲ ಹಿಂದೆ ಅವನ ದನಿ ಕೇಳಿಸಿತು. ಈಗ ಮೋಟರಿನ ಸದ್ದಿಲ್ಲವಲ್ಲ, ಅವನೂ ಕೂಗುವುದಿಲ್ಲ, ಮೆಲ್ಲಗೆ ಮಾತಾಡುತ್ತಾನೆ. ಏನೆಂದು ಕೇಳಿಸಿಕೊಳ್ಳದೆ ಹಿಂದಕ್ಕೆ ಬಂದೆ.

ಹೋದ ಗುರುವಾರ ಐದು ನಲವತ್ತಕ್ಕೆ ಫೋನು ಬಂತು. ಮೋಹನ್ ಪಾಸ್ಟರು. ಆ ಭಾನುವಾರದ ಮೇಲೆ ಅವರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನಾನೂ ಹುಡುಕಿಕೊಂಡು ಹೋಗಿರಲಿಲ್ಲ.

"ಬ್ರದರ್, ಕೊಂಜಂ, ಸ್ವಲ್ಪ ಅರ್ಜೆಂಟು. ಚಾವಣಿಗೆ ಹಲಗೆ ಕಟ್ಟುವ ಸೆಂಟ್ರಿಂಗ್‌ನವರು ಬಂದುಬಿಟ್ಟಿದ್ದಾರೆ, ಗೋಡೌನ್ ಕೀಲಿ ನಿಮ್ಮ ಹತ್ತಿರ ಇದೆ..."

"ನಾನು ನಾರಾಯಣಪ್ಪ. ಅವ್ನು ಆರಿಪ್ಪತ್ತಕ್ಕೆ ಸಿಕ್ತಾನೆ."

"ಐಯಾ, ದೇವರ ಕೆಲಸ ನಿಂತುಹೋಗಿದೆ. ಒಂದು ನಿಮಿಷ ಕೊಡಿ ಐಯಾ."

ನನಗೆ ರೇಗಿತು. "ದೇವ್ರ ಕೆಲ್ಸ ಆಮೇಲ್ ಮಾಡ್ತಾನೆ ಸ್ವಾಮಿ. ಈಗ ದೇವ್ರ ಜೊತೆ ಅವ್ನೆ."

ಸಿಟ್ಟಿಗೆ ಕಟ್ ಮಾಡಿದರೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಮಾಡಿರಲಿಲ್ಲ. ಹಿಂದೆ ಯಾರೋ ಹಲಗೆ ಇಳಿಸುವ ಸದ್ದು ಬರುತ್ತಿತ್ತು. ಪಾಸ್ಟರು ಅಲ್ಲಿಂದ ದೂರಕ್ಕೆ ನಡೆದರೆಂದು ಕಾಣುತ್ತದೆ, ಆ ಸದ್ದು ಕಡಿಮೆಯಾಯಿತು.

"ಐಯಾ" ಎಂದರು ಸಣ್ಣ ದನಿಯಲ್ಲಿ. "ನಾಳೆ ನಾನು ಬಂದರೆ, ನನ್ನ ಫೋನೂ ಇಟ್ಟುಕೊಳ್ಳುತ್ತೀರಾ?"

ತಮಾಷೆ ಎಂದುಕೊಂಡೆ. ನಗಲು ಬಾಯಿ ತೆರೆದೆ, ಅವರು ನಗುತ್ತಿರಲಿಲ್ಲ.

"ಎಷ್ಟ್ ದಿನ ಆಯ್ತು ನಿಮ್ಗೆ?" ಎಂದು ಕೇಳಿದೆ.

"ಸಭೆಯ ಜನಕ್ಕೋಸ್ಕರ ಓದುತ್ತೇನೆ. ಸಭೆಗೋಸ್ಕರ ಪ್ರಾರ್ಥನೆ ಮಾಡುತ್ತೇನೆ. ಯಾರಿಗೂ ಅಲ್ಲದೆ, ಸುಮ್ಮನೆ ದೇವರ ಹತ್ತಿರ ಹೋಗಿ ಕೂತು... ಮೂರು ವರ್ಷ ಇರಬೇಕು ಐಯಾ. ಯಾರಿಗೂ ಹೇಳಿಲ್ಲ. ಹೆಂಡತಿಗೂ ಗೊತ್ತಿಲ್ಲ."

ಆ ಮನುಷ್ಯನ ಮೇಲೆ ಅಷ್ಟು ದಿನ ಇಟ್ಟುಕೊಂಡಿದ್ದ ಕೋಪ ಕರಗಿ, ಅಯ್ಯೋ ಪಾಪ ಎನಿಸಿತು. ಬನ್ನಿ ಸ್ವಾಮಿ ಎಂದಷ್ಟೇ ಹೇಳಿದೆ.

ಮರುದಿನ ಐದೂಕಾಲಿಗೇ ಅವರ ಬೈಕು ನಮ್ಮ ಬಾಗಿಲಿಗೆ ಬಂತು. ಗಂಗರತ್ನಮ್ಮ ಕಾಫಿ ಕೊಟ್ಟಳು, ಬೇಡ ಎಂದರು. ಫೋನನ್ನು ಜೇಬಿನಿಂದ ತೆಗೆದು ನನ್ನ ಕೈಗಿಟ್ಟರು. ಇಟ್ಟ ಮೇಲೂ ಅದನ್ನೇ ನೋಡುತ್ತ ನಿಂತಿದ್ದರು. ಶಾಲೆಗೆ ಮೊದಲ ದಿನ ಹೋಗುವ ಮಗುವಿನ ಹಾಗೆ ಕಾಣುತ್ತಿದ್ದರು, ನಲವತ್ತು ವರ್ಷದ ಆ ಪಾಸ್ಟರು.

ಮೋಟರ್ ಮನೆಯ ಕಡೆ ಕೈ ತೋರಿಸಿ "ಹೋಗಿ ಸ್ವಾಮಿ" ಎಂದೆ. "ದೇವ್ರು ಕಾಯ್ತಿರ್ತಾರೆ."